ಖಾಲಿ ಬಟ್ಟಲಿನ ಫೋಟೋ

ಶಿಶುವಿಹಾರದಲ್ಲಿ ಎರಡೂವರೆ ವರ್ಷದ ತೋಮ್‌ನ ಬಾಯಿಗೆ ಉಳಿದಿದ್ದ ಅನ್ನವನ್ನೆಲ್ಲ ಒಟ್ಟಿಗೆ ತುರುಕಿ, ಖಾಲಿಯಾದ ಬಟ್ಟಲಿನ ಫೋಟೋ ತೆಗೆದು, ಅವನನ್ನು ಚಾಪೆಯ ಮೇಲೆ ಮಲಗಿಸಿ ದೀಪ ಆರಿಸಿದರು. ಮಧ್ಯಾಹ್ನದ ನಿದ್ದೆಯಿಂದ ಉಳಿದ ಮಕ್ಕಳೆಲ್ಲ ಎದ್ದರು. ತೋಮ್ ಏಳಲಿಲ್ಲ.

ಆ ಫೋಟೋ ಅವನ ತಾಯಿ ಸೆನ್‌ಳ ಮೊಬೈಲಿಗೆ ಬಂದಾಗ ಅವಳು ಶೂ ಕಾರ್ಖಾನೆಯ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ದಿನಾ ಆ ಹೊತ್ತಿಗೆ ಬರುವ ಫೋಟೋ. ಶಿಶುವಿಹಾರದ ಟೀಚರು ಊಟ ಮುಗಿಯುತ್ತಲೇ ಮಕ್ಕಳ ಹೆಸರಿನ ಸ್ಟೀಲ್ ಬಟ್ಟಲುಗಳನ್ನು ಒಂದೊಂದಾಗಿ ಫೋಟೋ ಹೊಡೆದು ತಾಯಂದಿರ ಗುಂಪಿಗೆ ಹಾಕಬೇಕು. ಬಟ್ಟಲಿನ ತಳ ಹೊಳೆಯಬೇಕು. ಹೊಳೆದರೆ ಸ್ಕೂಲು ಒಳ್ಳೆಯದು, ಟೀಚರು ಒಳ್ಳೆಯವಳು, ತಾಯಿಯೂ ಒಳ್ಳೆಯವಳು. ಸೆನ್ ಎರಡು ಬೆರಳಿಂದ ಫೋಟೋ ಹಿಗ್ಗಿಸಿ ನೋಡಿದಳು. ಒಂದಗುಳೂ ಇರಲಿಲ್ಲ. ಮುಂದೆ ನಿಂತಿದ್ದವಳ ಭುಜ ತಟ್ಟಿ, “ನೋಡೇ, ನನ್ನ ಸಿಗಡಿ ಇವತ್ತು ಬಟ್ಟಲನ್ನೇ ನೆಕ್ಕಿಬಿಟ್ಟಿದಾನೆ,” ಎಂದಳು. ತೋಮ್ ಎಂದರೆ ಸಿಗಡಿ. ಹುಟ್ಟಿದಾಗ ಅಷ್ಟೇ ಇದ್ದ; ಹಾಗೆ ಮುದುಡಿಕೊಂಡೇ ಹೊರಗೆ ಬಂದಿದ್ದ.

ಅವಳು ಫೋಟೋದ ಕೆಳಗೆ ಒಂದು ಕೆಂಪು ಹೃದಯ ಒತ್ತಿದಳು. ಆಮೇಲೆ ತನ್ನ ಊಟ ಮಾಡಿದಳು. ಕುಂಬಳಕಾಯಿ ಸಾರು, ಉಪ್ಪಲ್ಲಿ ಬತ್ತಿಸಿದ ಮೀನು. ಹಸಿವಾಗಿತ್ತು, ಚೆನ್ನಾಗಿ ಉಂಡಳು. ಆ ಹೃದಯ ಇವತ್ತಿಗೂ ಅಲ್ಲೇ ಇದೆ. ಅಳಿಸುವುದು ಅವಳಿಗೆ ಗೊತ್ತು. ಅಳಿಸಿಲ್ಲ.

ಸೈಗಾನ್ ನಗರದ ಆಚೆ, ಕಾರ್ಖಾನೆಗಳ ಕಾಂಪೌಂಡಿಗೆ ಅಂಟಿಕೊಂಡಂತೆ, ತಗಡಿನ ಚಾವಣಿಯ ಒಂಟಿ ಕೋಣೆಗಳ ಸಾಲುಗಳಿವೆ. ಆ ಸಾಲುಗಳಲ್ಲಿ ಯಾರೂ ಸ್ಥಳದವರಲ್ಲ. ಎಲ್ಲರೂ ಮೆಕಾಂಗ್ ನದಿಯ ಬಯಲಿನಿಂದಲೋ, ದೇಶದ ಮಧ್ಯದ ಮರಳು ಜಿಲ್ಲೆಗಳಿಂದಲೋ ಬಸ್ಸಿನಲ್ಲಿ ಬಂದಿಳಿದವರು. ಜಗತ್ತಿನ ಅರ್ಧ ಮಂದಿಯ ಕಾಲಿಗೆ ಶೂ ಹೊಲಿಯುವ ಆ ಕಾರ್ಖಾನೆಯ ಒಳಗೆ ಟ್ರಕ್ಕು ನಿಲ್ಲಿಸಲು ನೆರಳಿತ್ತು, ಚರ್ಮದ ಸುರುಳಿಗಳನ್ನು ಇಡಲು ಏರ್ ಕಂಡೀಷನ್ ಹಾಕಿದ ಕೋಣೆಯಿತ್ತು. ಹೊಲಿಯುವವರ ಮಕ್ಕಳನ್ನು ಇಡಲು ಮಾತ್ರ ಒಂದು ಮೂಲೆಯೂ ಇರಲಿಲ್ಲ. ಸರ್ಕಾರದ ಶಿಶುವಿಹಾರದಲ್ಲಿ ಮೊದಲ ಜಾಗ ಊರಿನ ಖಾಯಂ ವಿಳಾಸದವರಿಗೆ. ಮೇಲಾಗಿ ಅದು ಸಂಜೆ ನಾಲ್ಕೂವರೆಗೆ ಬಾಗಿಲು ಹಾಕುತ್ತದೆ. ಓವರ್‌ಟೈಮ್ ಮುಗಿಯುವುದು ಕತ್ತಲಾದ ಮೇಲೆ. ಹಾಗಾಗಿ ಬೀದಿಗೊಂದು ಖಾಸಗಿ ಶಿಶುವಿಹಾರ. ಯಾರದೋ ಮನೆಯ ಮುಂಗೋಣೆ, ಗೋಡೆಗೆ ಬಾತುಕೋಳಿ, ಮೊಲಗಳ ಚಿತ್ರ, ನೆಲಕ್ಕೆ ರಬ್ಬರ್ ಚಾಪೆ, ಬಾಗಿಲಿಗೆ ಬೀಗ.

ತೋಮ್‌ನನ್ನು ಸೆನ್ ಮೊದಲು ಬಿಟ್ಟಿದ್ದು ಸೌ ಅಜ್ಜಿಯ ಹತ್ತಿರ. ಸೌ ಅಜ್ಜಿಯ ಮನೆಯ ಹಿಂದೆ ಒಂದು ಪೇರಳೆ ಮರ, ಅದರ ಕೆಳಗೆ ಯಾರೋ ಮನೆ ಕಟ್ಟಿ ಮಿಕ್ಕಿದ ಮರಳಿನ ಗುಡ್ಡೆ. ಏಳೆಂಟು ಮಕ್ಕಳು. ಅಜ್ಜಿ ಅವುಗಳನ್ನು ಮರಳಿಗೆ ಬಿಟ್ಟು ತಾನು ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸಂಜೆ ಹೋದರೆ ತೋಮ್‌ನ ಕೂದಲಲ್ಲಿ ಮರಳು, ಚಡ್ಡಿಯಲ್ಲಿ ಮರಳು, ಉಗುರಲ್ಲಿ ಮಣ್ಣು. ತಾಯಿಯನ್ನು ಕಂಡರೆ ಓಡಿ ಬರುವ ಬದಲು “ಇನ್ನೊಂಚೂರು” ಎಂದು ಕೈ ಬೀಸುತ್ತಿದ್ದ. ಸೆನ್‌ಗೆ ಅದೇ ಬೇಜಾರು.

“ಊಟ ಮಾಡಿದ್ನಾ, ಅಜ್ಜಿ?” ಇದು ಬಾಗಿಲಲ್ಲಿ ಅವಳ ಮೊದಲ ಮಾತು. ಆ ಬೀದಿಯ ಯಾವ ತಾಯಿಯನ್ನು ಕೇಳಿದರೂ ಅದೇ ಮೊದಲ ಮಾತು.

“ಎರಡು ತುತ್ತು ತಿಂದ. ಸಾಕು ಅಂದ. ಬಿಟ್ಟೆ.”

“ಸಾಕು ಅಂದ ಅಂತ ಬಿಟ್ರೆ ಹೇಗಜ್ಜಿ? ಅವನಿಗೇನು ಗೊತ್ತಾಗತ್ತೆ?”

“ಹೊಟ್ಟೆ ಅವಂದು ಕಣಮ್ಮ. ಅವನಿಗಲ್ದೆ ನಂಗೆ ಗೊತ್ತಾಗತ್ತಾ?”

ಸೌ ಅಜ್ಜಿ ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳ ದೋಷವಾಯಿತು. ಹೊಸ ವರ್ಷದ ಹಬ್ಬ ತೇತ್‌ಗೆ ಊರಿಗೆ ಹೋದಾಗ ಸೆನ್‌ಳ ಅತ್ತೆ ಮೊಮ್ಮಗನನ್ನು ಎತ್ತಿ, ತೋಳು ಹಿಡಿದು, ತೊಡೆ ಚಿವುಟಿ, ಎಲ್ಲರ ಎದುರೇ, “ಇದೇನು, ಮಗುವನ್ನ ಸಾಕ್ತಿದೀರೋ, ಒಣಗಿಸ್ತಿದೀರೋ?” ಎಂದುಬಿಟ್ಟಳು. ಅತ್ತೆಯದು ಕೆಟ್ಟ ಮನಸ್ಸಲ್ಲ. ಯುದ್ಧ ಮುಗಿದ ಮೇಲಿನ ಹಸಿವಿನ ವರ್ಷಗಳಲ್ಲಿ ಗೆಣಸಿನ ಜೊತೆ ಎಣಿಸಿ ಹಾಕಿದಷ್ಟು ಅಕ್ಕಿ ಬೇಯಿಸಿ ಮಕ್ಕಳನ್ನು ಉಳಿಸಿಕೊಂಡವಳು. ಪ್ರೀತಿ ಎಂದರೆ ಅವಳಿಗೆ ತುಂಬಿದ ಬಟ್ಟಲು, ಆಮೇಲೆ ಖಾಲಿಯಾದ ಬಟ್ಟಲು. ಸೆನ್‌ಳ ಗಂಡ ಖೋಯ್ ಆ ದಿನ ತಲೆ ತಗ್ಗಿಸಿ ಕೂತಿದ್ದ. ವಾಪಸು ಬರುವ ಬಸ್ಸಿನಲ್ಲಿ ಸೆನ್ ತೀರ್ಮಾನ ಮಾಡಿದಳು: ಸೌ ಅಜ್ಜಿಯಿಂದ ಬಿಡಿಸುವುದು.

“ಹಳದಿ ಬಾತುಮರಿ”ಗೆ ಸೇರಿಸಿದಳು. ಬಿಕ್ ಎಂಬಾಕೆಯದು ಅದು. ಬೀದಿಯಲ್ಲೇ ಹೆಸರುವಾಸಿ ಸ್ಕೂಲು. ಯಾಕೆ ಹೆಸರುವಾಸಿ ಎಂದರೆ, ಅಲ್ಲಿಯ ಮಕ್ಕಳು ದಪ್ಪಗಿರುತ್ತಿದ್ದರು. ಬಾಗಿಲಲ್ಲೇ ತೂಕದ ಯಂತ್ರ. ತಿಂಗಳಿಗೊಮ್ಮೆ ತಾಯಂದಿರ ಎದುರೇ ತೂಗುತ್ತಿದ್ದರು, ತೂಕ ಏರಿದ ಮಗುವಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮಕ್ಕಳು ಬೆಳಿಗ್ಗೆ ಹೋದ ಅಂಗಿಯಲ್ಲೇ, ಅಷ್ಟೇ ಚೊಕ್ಕವಾಗಿ, ಪೌಡರ್ ವಾಸನೆಯೊಂದಿಗೆ ಸಂಜೆ ಹೊರಬರುತ್ತಿದ್ದರು. ಮೂವತ್ತರ ಮೇಲೆ ಮಕ್ಕಳು, ಒಬ್ಬಳೇ ಟೀಚರು. ವೀ ಎಂದು ಅವಳ ಹೆಸರು, ಇಪ್ಪತ್ತೆರಡರ ಹುಡುಗಿ. ಅದನ್ನು ಮಾತ್ರ ಯಾರೂ ತೂಗಲಿಲ್ಲ.

ತೋಮ್ ಮೊದಲ ವಾರ ಬಾಗಿಲಲ್ಲಿ ಚೀರಿದ. ಎರಡನೆಯ ವಾರವೂ ಚೀರಿದ. ಆಮೇಲೆ ನಿಲ್ಲಿಸಿದ. “ನೋಡಿದ್ಯಾ, ಒಗ್ಗಿಕೊಂಡ,” ಎಂದಳು ಸೆನ್ ಗಂಡನಿಗೆ.

ಸೆನ್‌ಳ ಪಕ್ಕದ ಕೋಣೆಯಲ್ಲಿ ನ್ಯಾನ್ ಇದ್ದಳು. ವಯಸ್ಸಿನಲ್ಲಿ ದೊಡ್ಡವಳು, ಬಾಯಿಯಲ್ಲಿ ಇನ್ನೂ ದೊಡ್ಡವಳು. ಕಾಲುವೆಯಾಚೆ ಪರದೇಶದ ಎಂಜಿನಿಯರುಗಳ ಬಂಗಲೆಗಳಲ್ಲಿ ನೆಲ ಒರೆಸುವ ಕೆಲಸ ಅವಳದು. ಅವಳ ಮಗಳು ಮಿತ್ — ಹಲಸಿನ ಹಣ್ಣಿನ ಹೆಸರು, ಹಾಗೇ ಗುಂಡಗೆ — ಅದೇ ಬಾತುಮರಿ ಸ್ಕೂಲಿಗೆ ಹೋಗುತ್ತಿದ್ದಳು. ಭಾನುವಾರ ಹೆಂಗಸರೆಲ್ಲ ನಲ್ಲಿಯ ಹತ್ತಿರ ಬಟ್ಟೆ ಒಗೆಯಲು ಕೂತರೆ ನ್ಯಾನ್ ಶುರುಮಾಡುತ್ತಿದ್ದಳು.

“ಕೇಳ್ರೇ ಇಲ್ಲಿ. ನಮ್ಮ ಡೆನ್ಮಾರ್ಕಿನಮ್ಮ ಇದಾಳಲ್ಲ, ಅವಳ ಮಗ ನಿನ್ನೆ ಸ್ಕೂಲಿಂದ ಎಮ್ಮೆಕರು ಹಾಗೆ ಬಂದ. ತಲೆಯಿಂದ ಕಾಲತನಕ ಕೆಸರು! ನಾನು ಅಂದ್ಕೊಂಡೆ, ಮುಗೀತು, ಇವತ್ತು ಟೀಚರ್ ಕತೆ ಮುಗೀತು ಅಂತ. ಇವಳೇನ್ ಮಾಡಿದ್ಲು ಗೊತ್ತಾ? ಚಪ್ಪಾಳೆ ತಟ್ಟಿದ್ಲು! ‘ಇವತ್ತು ಯಾರ ಜೊತೆ ಆಡ್ದೆ’ ಅಂತ ಕೇಳಿದ್ಲು!”

“ಊಟ ಮಾಡಿದ್ಯಾ ಅಂತ ಕೇಳಲೇ ಇಲ್ವಾ?”

“ಇಲ್ಲ ಕಣೇ! ಡಬ್ಬ ತೆಗೆದ್ರೆ ಅರ್ಧ ರೊಟ್ಟಿ ಹಾಗೇ ಇದೆ. ತೆಗೆದು ಕಸಕ್ಕೆ ಹಾಕಿದ್ಲು. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ.”

“ತಾಯಿ ಕರುಳೇ ಇಲ್ಲ ಬಿಡು.”

“ಅದಕ್ಕಿಂತ ಮುಂಚೆ ಜಪಾನಿನವರ ಮನೇಲಿದ್ನಲ್ಲ, ಅಲ್ಲಿ ಬೇರೆ ತರ. ಮಗು ಬಾಗಿಲಿಗೆ ಬಂದ ತಕ್ಷಣ ಆ ತಾಯಿ, ‘ಇವತ್ತು ಯಾರಿಗೂ ತೊಂದ್ರೆ ಕೊಡಲಿಲ್ಲ ತಾನೇ?’ ಅನ್ನೋಳು. ಮೂರು ವರ್ಷದ್ದು ಮಗು, ತನ್ನ ಚೀಲ ತಾನೇ ಹೊರಬೇಕು, ತನ್ನ ಶೂ ತಾನೇ ಜೋಡಿಸಿಡ್ಬೇಕು. ನಾನು ಕೈ ಹಾಕೋಕೆ ಹೋದ್ರೆ ಬೈಸ್ಕೊಂಡೆ.”

“ಅಲ್ಲಕ್ಕಾ, ದುಡ್ಡು ಕೊಟ್ಟು ಸ್ಕೂಲಿಗೆ ಹಾಕಿ ಮಗು ಕೈಲಿ ಕೂಲಿ ಮಾಡಿಸೋದಾ?” ಸೆನ್ ಸೋಪಿನ ನೊರೆಯ ಕೈಯಿಂದಲೇ ಹಣೆ ಚಚ್ಚಿಕೊಂಡಳು. ಎಲ್ಲರೂ ನಕ್ಕರು. ಸೆನ್ ಎಲ್ಲರಿಗಿಂತ ಜೋರಾಗಿ ನಕ್ಕಳು. “ನನ್ನ ಮಗ ಕೆಸರಲ್ಲಿ ಬಂದ್ರೆ ನಾನು ಆ ಸ್ಕೂಲಿನ ಬಾಗಿಲು ಮುರೀತೀನಿ. ಕೆಸರು ಅಂದ್ರೆ ಯಾರೂ ನೋಡ್ಕೊಂಡಿಲ್ಲ ಅಂತ ತಾನೇ ಅರ್ಥ?”

ಆ ನಗು ಈಗ ಅವಳಿಗೆ ನೆನಪಾಗುತ್ತದೆ. ನಕ್ಕದ್ದು ತಪ್ಪೆಂದಲ್ಲ. ಡೆನ್ಮಾರ್ಕಿನವಳು ಸಂಜೆ ನಾಲ್ಕಕ್ಕೆ ಮನೆಯಲ್ಲಿರುತ್ತಾಳೆ. ಮಗು ಅರ್ಧ ರೊಟ್ಟಿ ಬಿಟ್ಟರೆ ಅವಳ ಅಡುಗೆಮನೆಯಲ್ಲಿ ಇನ್ನೊಂದು ರೊಟ್ಟಿಯಿದೆ, ತಿನ್ನಿಸಲು ಇಡೀ ಸಂಜೆಯಿದೆ. ಸೆನ್‌ಗೆ ಇದ್ದದ್ದು ಬೆಳಿಗ್ಗೆ ಕತ್ತಲಲ್ಲಿ ನಿದ್ದೆಗಣ್ಣಿನ ಮಗುವನ್ನು ಬೈಕಿನ ಮೇಲೆ ಕೂರಿಸುವ ಹೊತ್ತು, ರಾತ್ರಿ ನಿದ್ದೆ ಹೋದ ಮಗುವನ್ನು ಅದೇ ಬೈಕಿನಿಂದ ಇಳಿಸಿಕೊಳ್ಳುವ ಹೊತ್ತು. ನಡುವಿನ ಇಡೀ ದಿನ ಮಗು ಹೇಗಿತ್ತು ಎಂದು ತಿಳಿಯಲು ಅವಳ ಕೈಯಲ್ಲಿದ್ದದ್ದು ಒಂದು ಬಟ್ಟಲಿನ ಫೋಟೋ. ನಕ್ಕನೋ ಅತ್ತನೋ ಫೋಟೋದಲ್ಲಿ ಕಾಣುವುದಿಲ್ಲ. ಉಂಡದ್ದು ಕಾಣುತ್ತದೆ. ಕಾಣುತ್ತದೆ ಎಂದುಕೊಂಡಿದ್ದಳು.

ತೋಮ್ ಅನ್ನವನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಅಗಿಯುತ್ತಿರಲಿಲ್ಲ, ನುಂಗುತ್ತಿರಲಿಲ್ಲ, ಉಗುಳುತ್ತಲೂ ಇರಲಿಲ್ಲ. ಸುಮ್ಮನೆ ಒಂದು ಕಡೆಯ ಕೆನ್ನೆ ಉಬ್ಬಿಸಿಕೊಂಡು ಗೋಡೆ ನೋಡುತ್ತ ಕೂರುತ್ತಿದ್ದ. ಆ ದೇಶದ ತಾಯಂದಿರಿಗೆಲ್ಲ ಗೊತ್ತಿರುವ ಚಾಳಿ ಅದು. ಅದಕ್ಕೊಂದು ಹೆಸರೇ ಇದೆ, ಎಲ್ಲರ ಹತ್ತಿರವೂ ಮದ್ದಿದೆ. ಮೂಗು ಹಿಡಿ, ಬಾಯಿ ತೆರೆಯುತ್ತೆ. ಸಾರು ಹೊಯ್ಯಿ, ಇಳಿಯುತ್ತೆ. ಮೊಬೈಲು ತೋರಿಸು, ಮರೆತು ನುಂಗುತ್ತೆ.

ಒಂದು ಸಂಜೆ ಬಾಗಿಲಲ್ಲಿ ವೀ ಟೀಚರು ಸೆನ್‌ಳನ್ನು ಪಕ್ಕಕ್ಕೆ ಕರೆದಿದ್ದಳು. ಟೀಚರಿನ ಕುಪ್ಪಸದ ಭುಜದ ಮೇಲೆ ಯಾವುದೋ ಮಗು ಕಾರಿದ್ದ ಗಂಜಿ ಒಣಗಿತ್ತು.

“ಅಕ್ಕಾ, ಬಯ್ಕೋಬೇಡಿ. ತೋಮ್ ತಾನಾಗೇ ತಿಂತಾನೆ. ಆದ್ರೆ ನಿಧಾನ. ಬಹಳ ನಿಧಾನ. ಅವನಿಗೆ ಅಂತ ಒಬ್ರು ಪಕ್ಕದಲ್ಲಿ ಕೂತ್ರೆ ತಿಂತಾನೆ. ನಂಗೆ ಅಷ್ಟು ಹೊತ್ತು ಕೂರೋಕಾಗಲ್ಲ. ನಿದ್ದೆ ಹೊತ್ತಿಗೆ ಎಲ್ಲಾ ಬಟ್ಟಲೂ ಖಾಲಿ ಇರ್ಬೇಕು ಅಂತ ಬಿಕ್ ಚಿಕ್ಕಮ್ಮ ಹೇಳ್ತಾರೆ. ಅರ್ಧ ಬಟ್ಟಲಿನ ಫೋಟೋ ಹಾಕ್ಲಾ? ನೀವು ಒಪ್ಪಿದ್ರೆ...”

ಸೆನ್‌ಗೆ ಅವತ್ತು ಎರಡು ಪಾಳಿ ಒಟ್ಟಿಗೆ ಆಗಿತ್ತು. ಕಾಲು ಬಾತಿದ್ದವು. ಅರ್ಧ ಬಟ್ಟಲಿನ ಫೋಟೋ ಗುಂಪಿಗೆ ಬಿದ್ದರೆ ಇಡೀ ಬೀದಿ ನೋಡುತ್ತದೆ, ಊರಲ್ಲಿ ಅತ್ತೆ ಕೇಳುತ್ತಾಳೆ.

“ಅರ್ಧ ಯಾಕೆ ಟೀಚರ್? ಸ್ವಲ್ಪ ಗದರಿಸಿ. ಒಂದೇಟು ಹಾಕಿದ್ರೂ ನಾನು ಕೇಳಲ್ಲ. ಅವನು ಅಳ್ಲಿ ಬಿಡಿ, ಅತ್ರೆ ಏನೂ ಆಗಲ್ಲ. ಬಟ್ಟಲು ಖಾಲಿಯಾಗ್ಬೇಕು, ಅಷ್ಟೇ.”

ವೀ ಏನೋ ಹೇಳಲು ಹೋಗಿ, ಒಳಗೆ ಯಾವುದೋ ಮಗು ಚೀರಿದ್ದಕ್ಕೆ ಓಡಿದಳು.

ಅಲ್ಲಿಂದಾಚೆ ಬಟ್ಟಲು ದಿನಾ ಹೊಳೆಯಿತು. ತೂಕ ಏರಿತು. ಶಿಕ್ಷಕರ ದಿನಕ್ಕೆ ಸೆನ್ ಒಂದು ಕುಪ್ಪಸಕ್ಕಾಗುವಷ್ಟು ನೀಲಿ ಬಟ್ಟೆಯನ್ನು ವೀ ಟೀಚರಿನ ಎರಡು ಕೈಗಳಿಗೆ ತನ್ನ ಎರಡು ಕೈಗಳಿಂದ ಕೊಟ್ಟು, “ನನ್ನ ಮಗನಿಗೆ ಜೀವ ತುಂಬಿದ್ರಿ ಟೀಚರ್,” ಎಂದಳು. ಹುಡುಗಿ ಬಟ್ಟೆ ತಗೊಂಡಳು. ಮುಖ ಎತ್ತಲಿಲ್ಲ.

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಾರೋ ಫ್ಯಾಕ್ಟರಿಯ ಗೇಟಿಗೆ ಫೋನು ಮಾಡಿ ಕರೆಸಿದ್ದು, ಯಾರದೋ ಬೈಕಿನ ಹಿಂದೆ ಅವಳು ಗಮ್ಮಿನ ವಾಸನೆಯ ಏಪ್ರನ್ನಿನಲ್ಲೇ ಕೂತದ್ದು, ಇವು ಮಾತ್ರ ನೆನಪಿವೆ. ಡಾಕ್ಟರು ತೋಮ್‌ನ ಬಾಯಿಂದಲೂ ಗಂಟಲಿಂದಲೂ ತೆಗೆದದ್ದನ್ನು ನರ್ಸು ಒಂದು ಸಣ್ಣ ಸ್ಟೀಲ್ ಬೋಗುಣಿಯಲ್ಲಿ ಹಿಡಿದಿದ್ದಳು. ಅನ್ನ. ಅಗಿಯದ ಬಿಳಿ ಅನ್ನ, ನಡುವೆ ಕ್ಯಾರೆಟ್ಟಿನ ಒಂದು ಚೂರು. ಸೆನ್ ಆ ಬೋಗುಣಿಯನ್ನು ನೋಡಿದಳು. ಮೊಬೈಲಿನಲ್ಲಿ ಖಾಲಿ ಕಂಡ ಬಟ್ಟಲಿನ ಊಟ ಇಲ್ಲಿತ್ತು.

ಮಣ್ಣು ಮಾಡಿದ ದಿನ ಬೀದಿಯ ತುದಿಯಲ್ಲಿ, ಬಿಸಿಲಿನಲ್ಲಿ, ವೀ ನಿಂತಿದ್ದಳು. ಹತ್ತಿರ ಬರಲಿಲ್ಲ. ಯಾರೋ ಗಂಡಸು ಕೂಗಾಡಿದ. ಅವಳು ಹೋಗಲೂ ಇಲ್ಲ. ಟೊಪ್ಪಿಗೆಯನ್ನು ಎದೆಗೆ ಹಿಡಿದು, ಮೆರವಣಿಗೆ ಮರೆಯಾಗುವವರೆಗೂ ಅಲ್ಲೇ ನಿಂತಿದ್ದಳು.

ಬಾತುಮರಿ ಸ್ಕೂಲಿಗೆ ವಾರ್ಡ್ ಆಫೀಸಿನವರು ಬೀಗ ಹಾಕಿದರು. ಬೀಗ ಹಾಕಿದ ಮರುದಿನ ಬೆಳಿಗ್ಗೆಯೂ ಕಾರ್ಖಾನೆಯ ಸೈರನ್ನು ಹೊತ್ತಿಗೆ ಸರಿಯಾಗಿ ಕೂಗಿತು. ಮೂವತ್ತು ಮನೆಗಳ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೀದಿಯಲ್ಲಿ ನಿಂತರು. ಕೆಲವರು ಕೋಣೆಯಲ್ಲೇ ಕೂಡಿಹಾಕಿ ಹೋದರು. ಒಬ್ಬಳು ಊರಿಗೆ ಕಳಿಸಿದಳು. ಇಬ್ಬರು ಕೆಲಸ ಕಳೆದುಕೊಂಡರು. ಸೌ ಅಜ್ಜಿಯ ಹತ್ತಿರ ಹೋಗಿ ನೋಡಿದರೆ ಮಕ್ಕಳಿಲ್ಲದೆ ಅವಳು ಅಂಗಳವನ್ನು ಬೈಕ್ ನಿಲ್ಲಿಸಲು ಬಾಡಿಗೆಗೆ ಕೊಟ್ಟಿದ್ದಳು. ಮರಳಿನ ಗುಡ್ಡೆಯೂ ಇರಲಿಲ್ಲ.

ಹಾಗಾಗಿ ಬಿಕ್ ಮೊದಲ ಸಲ ಸೆನ್‌ಳ ಕೋಣೆಗೆ ಬಂದಾಗ ಒಬ್ಬಳೇ ಬರಲಿಲ್ಲ, ಬೀದಿಯ ಕಷ್ಟವನ್ನೆಲ್ಲ ಬೆನ್ನಿಗೆ ಹಾಕಿಕೊಂಡು ಬಂದಳು. ಐವತ್ತು ದಾಟಿದ ಹೆಂಗಸು. ತೋಮ್‌ನ ಫೋಟೋದ ಮುಂದೆ ಊದುಬತ್ತಿ ಹಚ್ಚಿ ನಿಜವಾಗಿಯೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

“ಮಗಳೇ, ಅವನಿಗೆ ಆ ದಿನ ಬೆಳಿಗ್ಗೆ ಕೆಮ್ಮಿತ್ತು, ಅಲ್ವಾ?”

ಸೆನ್ ಗೋಡೆ ನೋಡುತ್ತಿದ್ದಳು.

“ಇದ್ದೇ ಇರತ್ತೆ. ಈ ಹವಾಮಾನದಲ್ಲಿ ಯಾವ ಮಗುಗೆ ಕೆಮ್ಮಿಲ್ಲ ಹೇಳು? ಮಲಗಿದಾಗ ಕೆಮ್ಮು ಬಂತು, ಹೊಟ್ಟೇಲಿದ್ದದ್ದು ಮೇಲೆ ಬಂತು. ಯಾರದೂ ತಪ್ಪಿಲ್ಲ. ನೀನು ವಾರ್ಡಿನವರಿಗೆ ಇಷ್ಟೇ ಹೇಳು, ‘ಕೆಮ್ಮಿತ್ತು, ಟೀಚರಿಗೆ ಹೇಳೋದು ಮರೆತೆ’ ಅಂತ. ಅವರೂ ಅದನ್ನೇ ಕಾಯ್ತಿದಾರೆ. ಬೀಗ ತೆಗೀತಾರೆ. ಇಲ್ಲಾಂದ್ರೆ ಪೊಲೀಸಿನವರು ಆ ವೀ ಹುಡುಗೀನ ಎಳ್ಕೊಂಡ್ ಹೋಗ್ತಾರೆ. ಅವಳ ಜೀವನಾನೂ ಹಾಳಾಗ್ಬೇಕಾ?”

“ಕೆಮ್ಮಿರ್ಲಿಲ್ಲ,” ಎಂದ ಖೋಯ್ ಮೂಲೆಯಿಂದ.

“ನೀನು ರಾತ್ರಿ ಪಾಳಿಯವನು, ನಿನಗೇನಪ್ಪಾ ಗೊತ್ತು?” ಎಂದಳು ಬಿಕ್. ಖೋಯ್ ಮಗನ ಫೋಟೋದ ಕಡೆ ತಿರುಗಿದ. ನಿಜಕ್ಕೂ ಅವನು ಮಗನನ್ನು ಎಚ್ಚರವಾಗಿದ್ದಾಗ ನೋಡಿದ್ದು ಭಾನುವಾರ ಮಾತ್ರ.

ಬಿಕ್ ಏಳುವಾಗ, “ಅವಸರ ಇಲ್ಲ. ನಲವತ್ತೊಂಬತ್ತನೇ ದಿನದ ಪೂಜೆ ಮುಗೀಲಿ, ಅವತ್ತು ಬರ್ತೀನಿ,” ಎಂದಳು. ಸತ್ತವರ ಜೀವ ಮನೆಯ ಸುತ್ತ ಅಲ್ಲಿಯವರೆಗೆ ಅಲೆಯುತ್ತದೆ, ಆಮೇಲೆ ತನ್ನ ದಾರಿ ಹಿಡಿಯುತ್ತದೆ. ಅಷ್ಟು ದಿನವೂ ಊಟದ ಹೊತ್ತಿಗೆ ಅದಕ್ಕೆ ಅನ್ನ ಇಡಬೇಕು.

ಅನ್ನ ಇಡುವ ಕೆಲಸಕ್ಕಾಗಿ ಅತ್ತೆ ಊರಿನಿಂದ ಬಂದು ಕೂತಳು. ದಿನಾ ಮಧ್ಯಾಹ್ನ ಬಟ್ಟಲ ತುಂಬ ಅನ್ನ ಹಾಕಿ, ಮೇಲೆ ಬೇಯಿಸಿದ ಮೊಟ್ಟೆಯಿಟ್ಟು, ಮಗುವೆಂದು ಊಟದ ಕಡ್ಡಿಗಳ ಬದಲು ಒಂದು ಪುಟ್ಟ ಚಮಚ ಇಟ್ಟು, ತೋಮ್‌ನ ಫೋಟೋದ ಮುಂದೆ ಕೂತು ಮಾತಾಡಿಸುತ್ತಿದ್ದಳು. “ತಿನ್ನು ಬಂಗಾರ. ಪೂರ್ತಿ ತಿನ್ಬೇಕು. ದಾರಿ ದೂರ ಇದೆ.” ಊದುಬತ್ತಿ ಆರಿದ ಮೇಲೆ ಆ ಅನ್ನವನ್ನು ತಾನೇ ತಿನ್ನುತ್ತಿದ್ದಳು, ಒಂದಗುಳೂ ಬಿಡದೆ. ಸೆನ್ ಆ ಹೊತ್ತಿಗೆಲ್ಲ ಮುಖ ಗೋಡೆಗೆ ತಿರುಗಿಸಿ ಮಲಗುತ್ತಿದ್ದಳು. ಚಮಚ ಬಟ್ಟಲಿಗೆ ತಾಗಿದ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಈ ನಡುವೆ ಒಂದು ದಿನ ನ್ಯಾನ್ ಬಂದು ಅವಳ ಬೆನ್ನಿನ ಹಿಂದೆ ಕೂತಳು. ಎಂದೂ ಇಲ್ಲದ ಸಣ್ಣ ದನಿಯಲ್ಲಿ ಮಾತಾಡಿದಳು.

“ಸೆನ್, ನಾನು ಕೇಳಬಾರದು. ಆದ್ರೂ ಕೇಳ್ತೀನಿ. ಮಿತ್‌ನ ಕೆಲಸಕ್ಕೆ ಕರ್ಕೊಂಡ್ ಹೋಗ್ತಿದೀನಿ, ಡೆನ್ಮಾರ್ಕಿನಮ್ಮ ಎರಡು ಸಲ ಸುಮ್ನಿದ್ಲು, ಮೂರನೇ ಸಲ ಆಗಲ್ಲ ಅಂದ್ಲು. ನಿನ್ನನ್ನ ಯಾರೂ ಬಯ್ಯಲ್ಲ ಕಣೇ. ಜ್ವರ ಬಂದ ಮಗೂಗೆ ಮಾತ್ರೆ ನುಂಗಿಸಿ ಸ್ಕೂಲಿಗೆ ಬಿಟ್ಟು ಓಡದೇ ಇರೋ ತಾಯಿ ಈ ಬೀದೀಲಿ ಯಾರಿದಾಳೆ? ಒಂದು ಕೆಮ್ಮು. ಒಂದೇ ಒಂದು ಕೆಮ್ಮು ಅಂತ ಹೇಳು. ಅವನಂತೂ ಬರಲ್ಲ.”

ಸೆನ್ ತಿರುಗಲಿಲ್ಲ. “ಮಿತ್ ತಿಂತಾಳಾ ಅಕ್ಕ?” ಎಂದಳು.

“ಎಲ್ಲಿ ತಿಂತಾಳೆ? ಬಿಕ್ ಸ್ಕೂಲಲ್ಲಿ ಬಟ್ಟಲು ನೆಕ್ಕೋಳು. ಮನೇಲಿ ಬಾಯಿ ತೆರೆಯಲ್ಲ. ಅರ್ಧ ಕೇಜಿ ಇಳಿದುಹೋಗಿದೆ.”

ಅಂದ ಮೇಲೆ ತಾನೇ ಬಾಯಿ ಮುಚ್ಚಿಕೊಂಡು ಎದ್ದು ಹೋದಳು.

ನಲವತ್ತೊಂಬತ್ತನೆಯ ದಿನ ಭಿಕ್ಷು ಬಂದು ಸೂತ್ರ ಓದಿ ಹೋದರು. ಕೋಣೆಯಲ್ಲಿ ಜಾಗವಿಲ್ಲದೆ ಬೀದಿಯವರು ಹೊರಗೆ ತಗಡಿನ ನೆರಳಲ್ಲಿ ಕೂತಿದ್ದರು, ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಹೆಂಗಸರು ನೆಲದ ಮೇಲೆ. ಬಿಕ್ ದೊಡ್ಡ ಬುಟ್ಟಿ ಹಣ್ಣು ತಂದಿದ್ದಳು. ನ್ಯಾನ್ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಹೊರಡುವ ಅವಸರದಲ್ಲಿ ತಿನ್ನಿಸುತ್ತಲೇ ಬಂದಿದ್ದಳೆಂದು ಕಾಣುತ್ತದೆ, ಅವಳ ಒಂದು ಕೈಯಲ್ಲಿ ಇನ್ನೂ ಚಮಚ ಇತ್ತು.

ಅತ್ತೆ ಒಲೆಯಿಂದ ಇಳಿಸಿದ ಅನ್ನವನ್ನು ಬಟ್ಟಲಿಗೆ ಒತ್ತಿ ಒತ್ತಿ ತುಂಬಿದಳು. ಗೋಪುರ ಮಾಡಿ ಮೇಲೆ ಮೊಟ್ಟೆಯಿಟ್ಟಳು. ಸೆನ್‌ಳನ್ನು ತೋಳು ಹಿಡಿದು ಎಬ್ಬಿಸಿ ಬಟ್ಟಲನ್ನು ಅವಳ ಎರಡು ಕೈಗಳಿಗೆ ಕೊಟ್ಟಳು.

“ಇವತ್ತು ನೀನೇ ಇಡ್ಬೇಕು. ದೊಡ್ಡೋರು ತೀರಿಹೋದ ಚಿಕ್ಕೋರಿಗೆ ತಲೆ ಬಗ್ಗಿಸಬಾರ್ದು, ಆದ್ರೆ ಅನ್ನ ಇಡಬಹುದು. ತಾಯಿ ಕೈ ಅನ್ನ ತಿಂದು ಹೋಗ್ತಾನೆ. ಇಲ್ದಿದ್ರೆ ಹಸ್ಕೊಂಡು ಹೋಗ್ತಾನೆ ಕಣಮ್ಮ.”

ಬಟ್ಟಲು ಬಿಸಿಯಿತ್ತು. ಹಬೆ ಸೆನ್‌ಳ ಗಲ್ಲಕ್ಕೆ ತಾಗಿತು. ಫೋಟೋದಲ್ಲಿ ತೋಮ್ ಇದ್ದ, ಸೌ ಅಜ್ಜಿಯ ಮನೆಯ ಕಾಲದ ಫೋಟೋ. ಅವನು ನಗುತ್ತಿದ್ದ ಬೇರೆ ಫೋಟೋ ಇರಲಿಲ್ಲ. ಬಾತುಮರಿಗೆ ಸೇರಿದ ಮೇಲೆ ಅವಳ ಮೊಬೈಲಿನ ತುಂಬ ಇದ್ದದ್ದು ಬಟ್ಟಲುಗಳು.

“ಇಡು ಮಗಳೇ,” ಎಂದಳು ಬಿಕ್ ಹಿಂದಿನಿಂದ. “ಇಟ್ಟು, ಅವನನ್ನ ಸಮಾಧಾನದಿಂದ ಕಳಿಸು. ಆಮೇಲೆ ನಾವಿಬ್ರೂ ವಾರ್ಡ್ ಆಫೀಸಿಗೆ ಹೋಗಿ ಆ ಒಂದು ಮಾತು ಹೇಳಿ ಬಂದುಬಿಡೋಣ. ಈ ಸಲ ನೋಡು, ಬರೀ ಫೋಟೋ ಅಲ್ಲ, ಕ್ಯಾಮೆರಾನೇ ಹಾಕಿಸ್ತೀನಿ. ಮಕ್ಕಳು ತಿನ್ನೋದನ್ನ ನೀವು ಕಾರ್ಖಾನೆಯಿಂದಲೇ ನೋಡಬಹುದು. ಒಂದೊಂದು ತುತ್ತೂ.”

ಹೊರಗಿನ ಹೆಂಗಸರಲ್ಲಿ ಒಂದಿಬ್ಬರು ತಲೆಯಾಡಿಸಿದರು. “ಅದು ಒಳ್ಳೇದು,” ಎಂದಿತು ಒಂದು ದನಿ.

ಅಷ್ಟರಲ್ಲಿ ಸೆನ್‌ಳ ಕಣ್ಣು ಬಾಗಿಲಲ್ಲಿ ನಿಂತಿದ್ದ ಮಿತ್‌ಳ ಮೇಲೆ ಬಿತ್ತು. ಹುಡುಗಿ ತಾಯಿಯ ಪ್ಯಾಂಟು ಹಿಡಿದು ನಿಂತಿದ್ದಳು. ಬಲಗೆನ್ನೆ ಉಬ್ಬಿತ್ತು. ಕಣ್ಣು ಗೋಡೆಯ ಮೇಲಿತ್ತು.

ನ್ಯಾನ್‌ಗೂ ಅದು ಆಗಲೇ ಕಂಡಿತು. “ಇನ್ನೂ ಹಾಗೇ ಇಟ್ಕೊಂಡಿದೀಯಾ? ನುಂಗೇ! ನುಂಗು ಅಂದೆ!” ಎನ್ನುತ್ತ ಅಭ್ಯಾಸಬಲದಿಂದ ಮಗಳ ಮೂಗಿಗೆ ಕೈ ಹಾಕಿದಳು.

ಸೆನ್ ಬಟ್ಟಲನ್ನು ನೆಲಕ್ಕಿಟ್ಟಳು. ಎರಡು ಹೆಜ್ಜೆಗೆ ಬಾಗಿಲಿಗೆ ಬಂದು ನ್ಯಾನ್‌ಳ ಕೈಯನ್ನು ಮಗುವಿನ ಮುಖದಿಂದ ತೆಗೆದಳು. ಮಂಡಿಯೂರಿ ಕೂತು ತನ್ನ ಬೊಗಸೆಯನ್ನು ಮಿತ್‌ಳ ಬಾಯಿಯ ಕೆಳಗೆ ಹಿಡಿದಳು.

“ಉಗಿ ಕಂದ.”

ಮಿತ್ ತಾಯಿಯನ್ನು ನೋಡಿದಳು.

“ಅಮ್ಮನ್ನ ನೋಡ್ಬೇಡ. ನನ್ನ ನೋಡು. ಉಗಿ. ಯಾರೂ ಬಯ್ಯಲ್ಲ.”

ಹುಡುಗಿ ಬಾಯಿ ತೆರೆದಳು. ಜೊಲ್ಲಿನ ಜೊತೆ ಬೆಚ್ಚಗಿನ, ಅಗಿಯದ ಅನ್ನ ಸೆನ್‌ಳ ಬೊಗಸೆಗೆ ಬಿತ್ತು. ಸಣ್ಣ ಬಾಯಿ, ಎಷ್ಟು ಹಿಡಿದಿತ್ತೆಂದರೆ ಬೊಗಸೆಯ ತಳ ಕಾಣಲಿಲ್ಲ. ಉಗುಳಿ ಆದ ಮೇಲೆ ಮಿತ್ ಒಂದು ದೊಡ್ಡ ಉಸಿರು ಎಳೆದುಕೊಂಡಳು. ಆ ಉಸಿರಿನ ಸದ್ದು ಹೊರಗೆ ಕೂತವರಿಗೂ ಕೇಳಿಸಿತು.

ಸೆನ್ ಬೊಗಸೆಯನ್ನು ಹಾಗೇ ಹಿಡಿದುಕೊಂಡು ಎದ್ದಳು. ಬಿಕ್ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

“ಕೆಮ್ಮು ಇರ್ಲಿಲ್ಲ ಚಿಕ್ಕಮ್ಮ. ನನ್ನ ಮಗನ ಬಾಯಲ್ಲಿ ಇದಿತ್ತು. ಆಸ್ಪತ್ರೇಲಿ ನಾನೇ ನೋಡ್ದೆ. ವಾರ್ಡಿನವರಿಗೂ ಇದನ್ನೇ ಹೇಳ್ತೀನಿ. ಮೂವತ್ತು ಮಕ್ಕಳಿಗೆ ಒಬ್ಬಳನ್ನ ಇಟ್ಟಿದ್ದು ನೀವು ಅಂತ ಹೇಳ್ತೀನಿ. ಸಂಜೆ ತನಕ ನಮ್ಮನ್ನ ಬಿಡದೇ ಇದ್ದದ್ದು ಕಾರ್ಖಾನೆ ಅಂತ ಹೇಳ್ತೀನಿ. ಹೊಡೆದಾದ್ರೂ ತಿನ್ನಿಸಿ ಅಂತ ಆ ಹುಡುಗಿಗೆ ಹೇಳಿದ್ದು ನಾನು, ಅದನ್ನೂ ಹೇಳ್ತೀನಿ. ಪೊಲೀಸಿನವರು ಅವಳೊಬ್ಬಳನ್ನೇ ಎಳ್ಕೊಂಡ್ ಹೋಗೋದಾದ್ರೆ ನನ್ನನ್ನೂ ಎಳ್ಕೊಂಡ್ ಹೋಗ್ಲಿ.”

“ಹಾಗಾದ್ರೆ ಈ ಮಕ್ಕಳೆಲ್ಲ ಎಲ್ಲಿಗೆ ಹೋಗ್ಬೇಕು?” ಬಿಕ್ ಹೊರಗಿನವರತ್ತ ಕೈ ಬೀಸಿದಳು. “ಕೇಳಿಸ್ಕೊಂಡ್ರಾ? ಇವಳಿಗೆ ನಿಮ್ಮ ಕಷ್ಟ ಬೇಡ!”

ಕಾರ್ಖಾನೆಯ ಕಡೆಯಿಂದ ಪಾಳಿ ಬದಲಾಗುವ ಸೈರನ್ನು ಕೇಳಿಸಿತು. ಇಬ್ಬರು ಹೆಂಗಸರು ಅಭ್ಯಾಸದಂತೆ ಎದ್ದು ನಿಂತು, ಹೋಗದೆ ಹಾಗೇ ನಿಂತರು. ನ್ಯಾನ್ ಮಗಳನ್ನು ಎತ್ತಿಕೊಂಡಿದ್ದಳು. ಅವಳ ಕೈಯಿಂದ ಚಮಚ ಯಾವಾಗ ಬಿತ್ತೋ, ನೆಲದ ಮೇಲಿತ್ತು.

ಅತ್ತೆಗೆ ಮಾತ್ರ ಇದಾವುದೂ ಕಿವಿಗೆ ಬಿದ್ದಂತಿರಲಿಲ್ಲ. ಅವಳು ನೆಲದ ಮೇಲಿನ ಬಟ್ಟಲನ್ನು ಎತ್ತಿ, ಕುಪ್ಪಸದ ಅಂಚಿನಿಂದ ಅದರ ತಳ ಒರೆಸಿ, ಮತ್ತೆ ಸೊಸೆಯ ಮುಂದೆ ಹಿಡಿದಳು.

“ಅದೆಲ್ಲ ಆಮೇಲೆ. ಮೊದಲು ಇದನ್ನ ಇಡಮ್ಮ. ಊದುಬತ್ತಿ ಮುಗೀತಾ ಬಂತು. ಆರಿಹೋಗತ್ತೆ ಅನ್ನ. ಮಗು ಕಾಯ್ತಿದೆ.”

ಸೆನ್ ಅತ್ತೆಯ ಮುಖ ನೋಡಿದಳು. ಗೆಣಸು ತಿಂದು ಮಕ್ಕಳಿಗೆ ಅನ್ನ ಉಳಿಸಿದ ಮುಖ. ಆಮೇಲೆ ಫೋಟೋದಲ್ಲಿ, ತಲೆ ತುಂಬ ಮರಳು ತುಂಬಿಕೊಂಡು, ಖಾಲಿ ಬಾಯಿ ತೆರೆದು ನಗುತ್ತಿದ್ದ ಮಗನನ್ನು ನೋಡಿದಳು.

“ಇಲ್ಲಮ್ಮ,” ಎಂದಳು. “ಅವನಿಗೆ ಸಾಕಂತೆ. ನಾನು ಇಡಲ್ಲ.”